ಹನ್ನೆರಡು ಕಂಪ್ಯೂಟರಿನ ಪುಟ

ಮೂವತ್ತೊಂದು ವರ್ಷ ಏನು ಕೆಲಸ ಮಾಡಿದಿರಿ ಎಂದು ಯಾರಾದರೂ ಕೇಳಿದರೆ, ಒಂದು ಪುಟ ಬರೆದೆ ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ. ಹೊಸಪೇಟೆಯ ಹೊರಗಿರುವ ಒಂದು ವಿಶ್ವವಿದ್ಯಾಲಯದ ಗಣಕ ಕೇಂದ್ರದಲ್ಲಿ ನಾನು ತಾಂತ್ರಿಕ ಸಹಾಯಕಿಯಾಗಿದ್ದೆ. ಅಲ್ಲಿಯ ಯಾವ ಮೇಷ್ಟ್ರೇ ಆಗಲಿ, ಸಂಶೋಧನೆಗೆ ಅನುದಾನ ಬೇಡಿ ಪ್ರಸ್ತಾವನೆ ಕಳಿಸುವಾಗ, ನಮ್ಮಲ್ಲಿ ಯಾವ ಯಾವ ಗಣಕ ಸೌಲಭ್ಯ ಇದೆ ಎಂದು ಹೇಳುವ ಒಂದು ಪುಟವನ್ನು ಅದರ ಕೊನೆಗೆ ಸೇರಿಸಬೇಕಿತ್ತು. ಕೊಡುವವರಿಗೆ ಭರವಸೆ ಬೇಕಲ್ಲ, ಇವರ ಹತ್ತಿರ ಲೆಕ್ಕ ಹಾಕುವ ಯಂತ್ರವಾದರೂ ಇದೆಯೋ ಅಥವಾ ಬೆರಳು ಮಡಿಸಿ ಎಣಿಸುತ್ತಾರೋ ಎಂದು. ಆ ಪುಟ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಅದು ಇಂಗ್ಲಿಷಿನಲ್ಲಿ ಇರುತ್ತಿತ್ತು. ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

ಈಗ ಕೇಂದ್ರಕ್ಕೆ ಇಬ್ಬರು ಹೊಸಬರು ಸೇರಿದ್ದಾರೆ. ಹೋದ ತಿಂಗಳು ಮನೆಗೆ ಬಂದು, ಆ ಪುಟ ಬರೆಯುವುದು ಹೇಗೆ ಹೇಳಿಕೊಡಿ ಎಂದರು. ನಾನು ಬಾಯಲ್ಲಿ ಹೇಳಲು ಹೊರಟು, ಅವರ ಮುಂದಿಟ್ಟ ಮಿರ್ಚಿ ಮಂಡಕ್ಕಿ ಮೆತ್ತಗಾಗುವವರೆಗೆ ಮಾತಾಡಿದರೂ ಅರ್ಧ ಮುಗಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಶಾಲು ಯಾರು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಶಾಲು ಈಗ ಮಿಕ್ಸರ್ ಮುಚ್ಚಲು ಬಳಕೆಯಾಗುತ್ತಿದೆ.

ನಾನು ಕಂಪ್ಲಿಯವಳು. ಅಪ್ಪನದು ಅಕ್ಕಿ ಗಿರಣಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ದಿನಾ ಕಂಪ್ಲಿಯಿಂದ ಕಮಲಾಪುರದ ಮೇಲೆ ಹೊಸಪೇಟೆಗೆ ಬಸ್ಸಿನಲ್ಲಿ ಬರುತ್ತಿದ್ದೆ. ಕಮಲಾಪುರದಲ್ಲಿ ಬಾಳೆಗೊನೆ ಹತ್ತಿದರೆ ನನ್ನ ಸೀರೆಗೆ ಕಲೆ ಖಾತ್ರಿ. ಹಾಗೆ ಬಂದವಳು ಗಣಕ ಕೇಂದ್ರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು, ಬಿಳಿ ಪರದೆ ಸರಿಸಿ ಒಳಗೆ ಹೋಗಬೇಕಿತ್ತು. ನಮ್ಮ ಮನೆಯ ದೇವರ ಕೋಣೆಗೂ ಅಷ್ಟು ಮಡಿ ಇರಲಿಲ್ಲ. ಇಡೀ ವಿಶ್ವವಿದ್ಯಾಲಯದಲ್ಲಿ ತಂಪು ಯಂತ್ರ ಇದ್ದದ್ದು ಕುಲಪತಿಗಳ ಕೋಣೆಯಲ್ಲಿ ಮತ್ತು ನಮ್ಮಲ್ಲಿ. ಏಪ್ರಿಲ್ ಬಂತೆಂದರೆ ಎಲ್ಲ ವಿಭಾಗದ ಮೇಷ್ಟ್ರುಗಳಿಗೂ ಗಣಕ ವಿಜ್ಞಾನದ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟುತ್ತಿತ್ತು.

ಬಾಗಿಲು ಕಾಯುತ್ತಿದ್ದವನು ಖಾದರ್. ಅಟೆಂಡರ್. ನನ್ನ ವಾರಿಗೆಯವನು, ನಾನು ಸೇರಿದ ವರ್ಷವೇ ಸೇರಿದವನು. ಚಪ್ಪಲಿಯಿಂದ ಹಿಡಿದು ಜನರೇಟರ್‌ವರೆಗೆ ಎಲ್ಲವೂ ಅವನ ಸುಪರ್ದಿ. ಕರೆಂಟು ಹೋದಾಗಲೆಲ್ಲ ಜನರೇಟರ್ ಹಚ್ಚಿ, ಎಷ್ಟು ಗಂಟೆಗೆ ಹೋಯಿತು, ಎಷ್ಟಕ್ಕೆ ಬಂತು ಎಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಯಾರೂ ಬರೆ ಎಂದಿರಲಿಲ್ಲ. ಅವನಿಗೆ ಬರೆಯದೆ ಇದ್ದರೆ ಸಮಾಧಾನ ಇರಲಿಲ್ಲ.

ನಾನು ಬರೆದ ಮೊದಲ ಪುಟದ ಮಾನ ಹೋದ ಕಥೆ ಹೇಳಿಬಿಡುತ್ತೇನೆ. ಕೋಣೆಯಲ್ಲಿರುವ ಸೌಲಭ್ಯ ಎಲ್ಲ ಪಟ್ಟಿ ಮಾಡು ಎಂದಿದ್ದರು. ನಾನು ಗಿರಣಿಯವನ ಮಗಳು, ಸಾಮಾನಿನ ಪಟ್ಟಿ ಎಂದರೆ ಒಂದೂ ಬಿಡುವವಳಲ್ಲ. ಕಂಪ್ಯೂಟರ್, ಪ್ರಿಂಟರ್, ತಂಪು ಯಂತ್ರ ಎಲ್ಲ ಬರೆದು ಕೊನೆಗೆ ‘ಪಾದರಕ್ಷೆ ಇಡಲು ಮರದ ಕಪಾಟು, ಒಂದು’ ಎಂದೂ ಸೇರಿಸಿದೆ. ಎಂಟು ಪ್ರತಿ ಟೈಪಾಗಿ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು. ಮೂರು ತಿಂಗಳ ಮೇಲೆ ಒಂದು ಪ್ರತಿ ವಾಪಸು ಬಂತು. ಕಪಾಟಿನ ಪಕ್ಕ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: ‘ಸಂಶೋಧನೆಯಲ್ಲಿ ಇದರ ಪಾತ್ರ ವಿವರಿಸಿ.’

ಆಗ ನಮ್ಮ ಕೇಂದ್ರದ ಮುಖ್ಯಸ್ಥರಾಗಿದ್ದವರು ಭೂವಿಜ್ಞಾನದ ಪ್ರೊಫೆಸರ್. ಎಲ್ಲರೂ ಗೌಡ್ರು ಎನ್ನುತ್ತಿದ್ದರು. ದೊಡ್ಡ ದನಿ, ದೊಡ್ಡ ಮನಸ್ಸು. ಆ ಪೆನ್ಸಿಲ್ ಬರಹ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರೇ ಹೊರತು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿ ಪಾಠ ಹೇಳಿದರು.

“ಗಿರಿಜಮ್ಮ, ಪ್ರಪೋಸಲ್ ಅಂದ್ರ ಹೆಣ್ಣು ತೋರ್ಸೋದು ಇದ್ದಂಗ. ಬೀಗರು ಬಂದಾಗ ಪಕ್ಕದ ಮನಿ ಕುರ್ಚಿ ತಂದು ಹಾಕೋದಿಲ್ಲೇನ್ರಿ? ಚಪ್ಪಲಿ ಎಲ್ಲಿ ಬಿಡ್ತೀವಿ ಅಂತ ತೋರ್ಸೋದು ಬ್ಯಾಡ. ಕುರ್ಚಿ ತೋರ್ಸ್ರಿ.”

“ಸರ್, ಕುರ್ಚಿ ನಮ್ಮದಲ್ಲ ಅಂತ ಗೊತ್ತಾದ್ರ?”

“ಇಲ್ಲ ಅಂದೋರಿಗೆ ಯಾರು ಕೊಡ್ತಾರ್ರಿ? ಐತಿ ಅಂದೋರಿಗೇ ಇನ್ನೊಂದಿಷ್ಟು ಕೊಡೋದು. ಲೋಕ ಇರೋದೇ ಹಂಗ.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂಬುದೇ ಕಷ್ಟ. ಯಂತ್ರ ಬೇಕೆಂದು ಅರ್ಜಿ ಹಾಕಿದರೆ, ಈಗಾಗಲೇ ಯಂತ್ರ ಇದೆಯೇ ಎಂದು ಕೇಳುತ್ತಿದ್ದರು. ದೊಡ್ಡ ಊರಿನ ದೊಡ್ಡ ಸಂಸ್ಥೆಗಳು ಎರಡೆರಡು ಪುಟ ತುಂಬಿಸುತ್ತಿದ್ದವು. ನಮ್ಮ ಪುಟ ಬೋಳು ಬೋಳಾಗಿ ಕಾಣುತ್ತಿತ್ತು. ಹೀಗಾಗಿ ನಮ್ಮಲ್ಲಿ ಒಂದು ಪದ್ಧತಿ ಬೆಳೆಯಿತು. ಹಳೆಯ ಪುಟಕ್ಕೆ ಹೊಸದನ್ನು ಸೇರಿಸುವುದು, ಯಾವುದನ್ನೂ ತೆಗೆಯದಿರುವುದು. ಸತ್ತ ಯಂತ್ರವನ್ನು ಯಾಕೆ ತೆಗೆಯಬಾರದು ಎಂದರೆ, ಸ್ಟಾಕ್ ರಿಜಿಸ್ಟರಿನಲ್ಲಿ ಅದು ಇನ್ನೂ ಇದೆ. ರಿಜಿಸ್ಟರಿನಿಂದ ತೆಗೆಯಬೇಕೆಂದರೆ ಅದು ನಿರುಪಯುಕ್ತ ಎಂದು ಸಮಿತಿ ಕೂತು ತೀರ್ಮಾನಿಸಬೇಕು. ಸಮಿತಿ ಕೂರುತ್ತಿರಲಿಲ್ಲ. ಹಾಗಾಗಿ ಇಲಿ ವೈರು ಕಡಿದ ಯಂತ್ರ, ಸಿಡಿಲಿಗೆ ಸುಟ್ಟ ಯಂತ್ರ, ಎಲ್ಲವೂ ನನ್ನ ಪುಟದಲ್ಲಿ ಚಿರಂಜೀವಿಗಳಾಗಿ ಕೂತವು. ನಾನೂ ಏನೂ ಕಡಿಮೆಯವಳಲ್ಲ. ಪುಟದ ಕೊನೆಗೆ ‘ಕೇಂದ್ರಕ್ಕೆ ನಿರಂತರ ವಿದ್ಯುತ್ ಸೌಲಭ್ಯವಿದೆ’ ಎಂಬ ಸಾಲನ್ನು ಮೊದಲು ಬರೆದವಳು ನಾನೇ. ಬರೆಯುವಾಗ ಹೊರಗೆ ಜನರೇಟರ್ ಗುಡುಗುತ್ತಿತ್ತು.

ಈ ಕೆಲಸದ ನಿಜವಾದ ಪಾಠ ಕಲಿಸಿದವನು ಖಾದರ್. ಒಂದು ದಿನ ನಾನು ರಿಜಿಸ್ಟರ್ ಹಿಡಿದುಕೊಂಡು, ಯಾವುದು ನಡೆಯುತ್ತದೆ, ಯಾವುದಿಲ್ಲ ಎಂದು ತಲೆ ಕೆರೆಯುತ್ತಾ ನಿಂತಿದ್ದೆ.

“ಬುಕ್ಕು ಬಿಡ್ರಿ ಮೇಡಂ,” ಅಂದ. “ಮಿಷನ್ ಬೆನ್ನ ಮ್ಯಾಲೆ ಕೈ ಇಡ್ರಿ. ಬೆಚ್ಚಗ ಐತಂದ್ರ ಐತಿ. ತಣ್ಣಗ ಐತಂದ್ರ ಬುಕ್ಕಿನಾಗ ಐತಿ.”

ಹೊಸಬರೇ, ನಾನು ಕಲಿತದ್ದೆಲ್ಲ ಇಷ್ಟೇ. ಆದರೆ ಕಲಿತ ಮಾತನ್ನು ಕೈಗೆ ತರಲು ನನಗೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಅದರ ಬೆಲೆಯನ್ನು ತೆತ್ತವನು ನಾಗರಾಜ.

ನಾಗರಾಜ ಸಂಡೂರಿನ ಹುಡುಗ, ಗೌಡ್ರ ಶಿಷ್ಯ. ಎಂ.ಎಸ್ಸಿ. ಮುಗಿಸಿದ್ದ. ಸಂಡೂರಿನ ಗುಡ್ಡಗಳ ಮೇಲೆ ಬಿದ್ದ ಮಳೆ ನೆಲದೊಳಗೆ ಯಾವ ದಾರಿ ಹಿಡಿದು ಎಲ್ಲಿ ಏಳುತ್ತದೆ, ಗುಡ್ಡ ಅಗೆದರೆ ಆ ದಾರಿ ಏನಾಗುತ್ತದೆ ಎಂಬುದು ಅವನ ತಲೆ ಹೊಕ್ಕ ಹುಳ. ಬಾವಿಬಾವಿಗೆ ಹೋಗಿ ಹಗ್ಗ ಇಳಿಬಿಟ್ಟು ನೀರಿನ ಆಳ ಅಳೆದು, ಕೆಂಪು ಮಣ್ಣಿನ ಕಾಲಲ್ಲೇ ಕೇಂದ್ರಕ್ಕೆ ಬಂದು ಖಾದರನ ಕೈಲಿ ಬೈಸಿಕೊಳ್ಳುತ್ತಿದ್ದ. ಗೌಡ್ರು ಅವನ ಕೆಲಸವನ್ನೇ ಮುಂದಿಟ್ಟುಕೊಂಡು ಮೂರು ವರ್ಷದ ಒಂದು ಪ್ರಸ್ತಾವನೆ ಬರೆದರು. ಅದು ಮಂಜೂರಾದರೆ ನಾಗರಾಜ ಸಂಶೋಧನಾ ಸಹಾಯಕ. ಆ ನೆಚ್ಚಿಕೆಯ ಮೇಲೆ ಅವನು ಕೈಗೆ ಬಂದಿದ್ದ ಹೈಸ್ಕೂಲು ಮೇಷ್ಟ್ರ ಕೆಲಸ ಬಿಟ್ಟು ಕೂತಿದ್ದ.

ಆಗ ತಾನೇ ಕೇಂದ್ರಕ್ಕೆ ಹನ್ನೆರಡು ಹೊಸ ಕಂಪ್ಯೂಟರ್ ಬಂದಿದ್ದವು. ನಾನು ‘ವಿಶ್ವವಿದ್ಯಾಲಯದ ಗಣಕ ಕೇಂದ್ರದಲ್ಲಿ ಹನ್ನೆರಡು ಗಣಕಗಳಿವೆ’ ಎಂದು ಬರೆದೆ. ಗೌಡ್ರು, “ಕೇಂದ್ರ ಅಂದ್ರ ನಾನೇ ಅಲ್ಲೇನ್ರಿ? ಭೂವಿಜ್ಞಾನ ವಿಭಾಗದಾಗ ಅಂತ ಹಾಕ್ರಿ” ಅಂದರು. ಹಾಕಿದೆ. ಎರಡು ದಿನ ಬಿಟ್ಟು ಪುರಾತತ್ವ ವಿಭಾಗದವರು ಹಂಪಿಯ ಹಳೆಯ ಕಾಲುವೆಗಳ ಬಗ್ಗೆ ಒಂದು ಪ್ರಸ್ತಾವನೆ ತಂದರು. ಗೌಡ್ರಿಗೆ ಹಾಕಿಕೊಟ್ಟಂತೆ ನಮಗೂ ಹಾಕಿಕೊಡಿ ಎಂದರು. ಅವರಿಗೂ ‘ಪುರಾತತ್ವ ವಿಭಾಗದಲ್ಲಿ ಹನ್ನೆರಡು ಗಣಕಗಳಿವೆ’ ಎಂದು ಹಾಕಿಕೊಟ್ಟೆ. ಎರಡೂ ಲಕೋಟೆ ಅನುದಾನ ಕೊಡುವ ಒಂದೇ ಸಮಿತಿಗೆ ಹೋಗುತ್ತವೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಬೇಡ ಎನ್ನುವ ಧೈರ್ಯ ಇತ್ತೇ? ಇರಲಿಲ್ಲ.

ದಸರೆ ಮುಗಿದ ವಾರ ಪತ್ರ ಬಂತು. ಎರಡೂ ವಿಭಾಗ ನೋಡಲು ಸಮಿತಿ ಬರುತ್ತಿದೆ, ಒಂದೇ ದಿನ. ಬೆಳಿಗ್ಗೆ ಪುರಾತತ್ವ, ಊಟದ ಮೇಲೆ ಭೂವಿಜ್ಞಾನ.

ಹನ್ನೆರಡನ್ನೂ ಹಿಂದಿನ ದಿನವೇ ಪುರಾತತ್ವ ವಿಭಾಗಕ್ಕೆ ಸಾಗಿಸಿದೆವು. ಆಯುಧ ಪೂಜೆಯ ವಿಭೂತಿ ಇನ್ನೂ ಅವುಗಳ ಹಣೆಯ ಮೇಲಿತ್ತು. ಸಮಿತಿಯ ಅಧ್ಯಕ್ಷೆ ಆಂಧ್ರದ ಕಡೆಯ ಹಿರಿಯ ವಿಜ್ಞಾನಿ. ನೂಲಿನ ಸೀರೆ, ಬಿಳಿ ಕೂದಲು, ತೆಲುಗು ಬೆರೆಸಿದ ಕನ್ನಡ. ದೊಡ್ಡವರು ಬಂದರೆ ಯಂತ್ರಕ್ಕೆ ಅವರ ಕೈಲಿ ಕುಂಕುಮ ಇಡಿಸುವುದು ನಮ್ಮ ಕೇಂದ್ರದ ರೂಢಿ. ಖಾದರ್ ತಟ್ಟೆ ಹಿಡಿದ. ಅವರು ನಗುತ್ತಾ ಮೊದಲನೆಯ ಯಂತ್ರಕ್ಕೆ ಪಕ್ಕಪಕ್ಕದಲ್ಲಿ ಎರಡು ಬೊಟ್ಟು ಇಟ್ಟರು. ನಮ್ಮ ಮನೆಯ ಕಡೆ ಜೋಡಿ ಬೊಟ್ಟೇ ಇಡೋದಮ್ಮಾ ಎಂದರು. ನಾನು ಬಹಳ ಚೆನ್ನಾಗಿದೆ ಎಂದೆ.

ಸಮಿತಿಯವರು ಊಟಕ್ಕೆ ಕೂತದ್ದೇ ತಡ, ಹಾಸ್ಟೆಲಿನ ಹಾಸಿಗೆಗಳನ್ನು ತೋಟದ ಟ್ರ್ಯಾಕ್ಟರಿಗೆ ಹಾಸಿ, ಹನ್ನೆರಡನ್ನೂ ಹೇರಿಕೊಂಡು ಭೂವಿಜ್ಞಾನಕ್ಕೆ ಹೊರಟೆವು. ಆಗಿನ ಪರದೆಗಳು ಒಂದೊಂದೂ ಕಡಪ ಕಲ್ಲಿನ ತೂಕ. ಖಾದರ್, ನಾಗರಾಜ, ನಾನು, ಇಬ್ಬರು ಮಾಲಿಗಳು. ಅತ್ತ ಊಟದ ಮನೆಯಲ್ಲಿ ಗೌಡ್ರು ಸಮಿತಿಯವರನ್ನು ಏಳಗೊಡದೆ, “ಇನ್ನೊಂದು ರೊಟ್ಟಿ ಹಾಕ್ಸಿಕೊಳ್ರಿ, ಎಣ್ಣೆಗಾಯಿ ಇಲ್ಲೇದು, ನಿಮ್ಮ ಕಡೆ ಇಂಥಾದ್ದು ಸಿಗಂಗಿಲ್ಲ” ಎಂದು ಉಪಚಾರದ ಮೇಲೆ ಉಪಚಾರ ಮಾಡುತ್ತಿದ್ದರು. ನಾಗರಾಜ ಬೆವರು ಒರೆಸಿಕೊಳ್ಳುತ್ತಾ, “ಮೇಡಂ, ಪ್ರಾಜೆಕ್ಟ್ ಬಂದ್ರ ಮೊದಲನೇ ಸಂಬಳದಾಗ ಈ ಟ್ರ್ಯಾಕ್ಟರಿಗೆ ಒಂದು ಹಾರ” ಅಂದ. ಎಲ್ಲರೂ ನಕ್ಕೆವು. ಆ ಮಧ್ಯಾಹ್ನ ನಾವು ಎಷ್ಟು ಖುಷಿಯಾಗಿದ್ದೆವು ಎಂದು ನೆನೆದರೆ ಈಗಲೂ ಎದೆ ಬೆಚ್ಚಗಾಗುತ್ತದೆ. ತಪ್ಪು ಮಾಡುವಾಗಲೂ ಒಟ್ಟಿಗೆ ಮಾಡಿದರೆ ಅದೊಂದು ಸಂಭ್ರಮವೇ.

ಅಧ್ಯಕ್ಷೆ ಭೂವಿಜ್ಞಾನ ವಿಭಾಗಕ್ಕೆ ಬಂದರು. ಸಾಲಾಗಿ ಕೂತಿದ್ದ ಯಂತ್ರಗಳನ್ನು ನೋಡುತ್ತಾ ಬಂದವರು ನಾಲ್ಕನೆಯದರ ಮುಂದೆ ನಿಂತರು. ಬೆಳಿಗ್ಗೆ ಸಾಲಿನಲ್ಲಿ ಮೊದಲನೆಯದಾಗಿದ್ದ ಅದರ ಹಣೆಯ ಮೇಲೆ ಜೋಡಿ ಬೊಟ್ಟು. ನಾನು ಒರೆಸಲು ಮರೆತಿದ್ದೆ. ಅವರು ಬೆರಳಿಂದ ಆ ಬೊಟ್ಟುಗಳನ್ನು ಮೆಲ್ಲನೆ ಮುಟ್ಟಿದರು.

“ಏಮ್ಮಾ, ಇದೂ ನಮ್ಮ ಜೊತೆ ಭೋಜನ ಮುಗಿಸಿಕೊಂಡು ಬಂತಾ?”

ಗೌಡ್ರ ದೊಡ್ಡ ದನಿ ಎಲ್ಲಿ ಹೋಯಿತೋ. ಅಧ್ಯಕ್ಷೆ ಬೇರೆ ಏನನ್ನೂ ಕೇಳದೆ ಎಲ್ಲರಿಗೂ ಕೈಮುಗಿದು ಕಾರು ಹತ್ತಿದರು. ಎರಡೂ ಪ್ರಸ್ತಾವನೆಗಳು ತಿರಸ್ಕಾರವಾದವು. ಪುರಾತತ್ವದವರು ಕಾಯಂ ನೌಕರರು, ಕೈಕೊಡವಿ ಪಾಠಕ್ಕೆ ಹೋದರು. ಗೌಡ್ರು ಒಂದು ವಾರ ಯಾರ ಜೊತೆಯೂ ಮಾತಾಡಲಿಲ್ಲ. ನಾಗರಾಜ ತನ್ನ ಬಾವಿ ಅಳತೆಯ ಹಗ್ಗವನ್ನು ಸುತ್ತಿ ನನ್ನ ಮೇಜಿನ ಮೇಲಿಟ್ಟು, “ಇರ್ಲಿ ಮೇಡಂ, ಮತ್ತ ಬರ್ತೀನಿ” ಅಂದು ಹೋದ. ಬರಲಿಲ್ಲ.

ಅಲ್ಲಿಂದ ನಾನು ಬದಲಾದೆ ಎಂದು ಬರೆಯಲು ಆಸೆ. ಆದರೆ ನಿಜ ಬೇರೆ. ‘ವಿಭಾಗದಲ್ಲಿ’ ಎಂಬ ಪದ ತೆಗೆದು ಮತ್ತೆ ‘ಕೇಂದ್ರದಲ್ಲಿ’ ಎಂದು ಹಾಕಿದೆ, ಅಷ್ಟೇ. ಹನ್ನೆರಡು ಹನ್ನೆರಡಾಗಿಯೇ ಉಳಿಯಿತು. ಗೌಡ್ರು ನಿವೃತ್ತರಾದರು, ಆಮೇಲೆ ತೀರಿಕೊಂಡರು. ಹನ್ನೆರಡರಲ್ಲಿ ಒಂದೊಂದೇ ಕೆಟ್ಟು ಹಿಂದಿನ ಕೋಣೆ ಸೇರಿದವು. ಪುಟದಲ್ಲಿ ಮಾತ್ರ ಅವಕ್ಕೆ ಮುಪ್ಪಿಲ್ಲ.

ಅಷ್ಟರಲ್ಲಿ ಕೆಲಸದ ರೀತಿ ಎಷ್ಟು ಸಲ ಮಗ್ಗುಲು ಬದಲಿಸಿತು! ಎಂಟು ಪ್ರತಿ ಟೈಪು ಹೋಗಿ ಫ್ಲಾಪಿ ಬಂತು, ಫ್ಲಾಪಿ ಹೋಗಿ ಮಿಂಚಂಚೆ ಬಂತು. ಮೊದಲು ಕೊನೆಯ ದಿನ ಎಂದರೆ ಹೊಸಪೇಟೆಯ ಅಂಚೆ ಕಚೇರಿಗೆ ಆಟೋದಲ್ಲಿ ಓಡುವುದು. ಆಮೇಲೆ ಕೊನೆಯ ದಿನ ಎಂದರೆ ಜಾಲತಾಣ ತೆರೆಯಲಿ ಎಂದು ಪರದೆಯ ಮುಂದೆ ಕೈಮುಗಿದು ಕೂರುವುದು. ಒಂದು ಕಾಲಕ್ಕೆ ಪುಟ ಉದ್ದವಾದಷ್ಟೂ ಒಳ್ಳೆಯದು ಎನ್ನುತ್ತಿದ್ದರು. ಈಗ ಚೌಕದೊಳಗೆ ಇಷ್ಟೇ ಅಕ್ಷರ ಎಂದು ಕಟ್ಟುಹಾಕಿದ್ದಾರೆ. ಚಪ್ಪಲಿ ಹೊರಗೆ ಬಿಡುವ ಪದ್ಧತಿ ಯಾವಾಗ ನಿಂತಿತೋ ನೆನಪಿಲ್ಲ. ಆ ಕಪಾಟಿನಲ್ಲಿ ಖಾದರ್ ತನ್ನ ಕರೆಂಟಿನ ನೋಟ್‌ಬುಕ್ಕುಗಳನ್ನು ಪೇರಿಸತೊಡಗಿದ.

ನಾಗರಾಜ ಮತ್ತೆ ಸಿಕ್ಕಿದ್ದು ಹಲವು ವರ್ಷಗಳ ಮೇಲೆ, ಸಂಡೂರಿನ ಬಸ್‌ಸ್ಟ್ಯಾಂಡಿನಲ್ಲಿ. ಪರೀಕ್ಷೆಯ ಕೆಲಸಕ್ಕೆ ಹೋಗಿದ್ದೆ. ಮೇಡಂ ಎಂದು ಯಾರೋ ಕರೆದರು. ಕೂದಲು ನರೆತಿತ್ತು, ಅಂಗಿಯ ಕಾಲರಿಗೆ ಅದಿರಿನ ಕೆಂಪು. ಅದಿರು ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಕೆಲಸ ಎಂದ. ಚಹಾ ಕುಡಿಸಿದ. ಮನೆ, ಮಕ್ಕಳು, ಗೌಡ್ರ ಸಾವು, ಎಲ್ಲ ಮಾತಾಯಿತು. ಏಳುವ ಹೊತ್ತಿಗೆ ನಾನೇ ತಡೆಯಲಾರದೆ ಟ್ರ್ಯಾಕ್ಟರಿನ ಮಾತು ತೆಗೆದೆ.

“ಆವತ್ತು ಬೊಟ್ಟು ಒರಸಿದ್ರ ನಿನ್ನ ಕೆಲಸ ಆಗ್ತಿತ್ತೋ ಏನೋ ನಾಗರಾಜ.”

ಅವನು ಖಾಲಿ ಲೋಟವನ್ನು ಬದಿಗಿಟ್ಟ.

“ಬೊಟ್ಟಿಂದು ಬಿಡ್ರಿ ಮೇಡಂ. ಹನ್ನೆರಡು ಯಾತಕ್ಕ ಬೇಕಾಗಿದ್ವು? ನನ್ನ ಲೆಕ್ಕಕ್ಕ ಒಂದು ಸಾಕಿತ್ತು. ಒಂದು ಮಿಷನ್ನು, ಹಗಲೂ ರಾತ್ರಿ ನನಗ ಬಿಟ್ಟುಕೊಟ್ಟಿದ್ರ ಸಾಕಿತ್ತು. ನೀವ್ಯಾರೂ ನನ್ನ ಕೇಳ್ಲೇ ಇಲ್ಲ.”

ಸಿಟ್ಟಿನಿಂದ ಅಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವನು ಸಿಟ್ಟಿಲ್ಲದೆ ಅಂದ. ಹೊಸಪೇಟೆಯ ಬಸ್ಸಿನಲ್ಲಿ ಗಾದಿಗನೂರು ಬರುವವರೆಗೂ ಸೆರಗಿನಿಂದ ಕಣ್ಣೊರೆಸಿಕೊಂಡೆ. ಧೂಳು ಎಂದು ಪಕ್ಕದವರು ಕಿಟಕಿ ಮುಚ್ಚಿದರು. ಎಷ್ಟು ನೂರು ಪುಟ ಬರೆದಿದ್ದೆ! ಇವನಿಗೆ ಏನು ಬೇಕು ಎಂದು ಒಂದು ಸಲವೂ ಕೇಳಿರಲಿಲ್ಲ. ನಮ್ಮಲ್ಲಿ ಏನಿದೆ ಎಂದು ತೋರಿಸುವುದರಲ್ಲೇ ಮುಳುಗಿದ್ದೆ.

ನನ್ನ ನೌಕರಿಯ ಕೊನೆಯ ವರ್ಷ ಹುಲಿಗೆಮ್ಮ ಬಂದಳು. ಡಾಕ್ಟರ್ ಹುಲಿಗೆಮ್ಮ, ಕಮಲಾಪುರದವಳು. ತಾಯಿ ಬಾಳೆ ತೋಟದಲ್ಲಿ ಕೂಲಿ ಮಾಡಿ ಓದಿಸಿದ ಮಗಳು. ಪರಿಸರ ವಿಭಾಗದಲ್ಲಿ ತಾತ್ಕಾಲಿಕ ಅಧ್ಯಾಪಕಿ. ಅದಿರಿನ ಧೂಳು ಗಾಳಿಯಲ್ಲಿ ಎಷ್ಟು ದೂರ ಹೋಗಿ ಯಾರ ಹೊಲದ ಬೆಳೆಯ ಮೇಲೆ ಕೂರುತ್ತದೆ ಎಂದು ಲೆಕ್ಕ ಹಾಕುವುದು ಅವಳ ವಿಷಯ. ಗಾದಿಗನೂರಿನ ಹೊಲಗಳಲ್ಲಿ ಎಲೆ ಎಣಿಸುತ್ತಾ ತಿರುಗಿದವಳು. ಜೂನ್‌ಗೆ ಅವಳ ಗುತ್ತಿಗೆ ಮುಗಿಯುತ್ತಿತ್ತು. ಪ್ರಸ್ತಾವನೆ ಮಂಜೂರಾದರೆ ಮೂರು ವರ್ಷ ಇಲ್ಲೇ ಇದ್ದು ಕೆಲಸ ಮುಂದುವರಿಸಬಹುದು. ಇಲ್ಲದಿದ್ದರೆ ಎಲೆ, ಧೂಳು, ಲೆಕ್ಕ ಎಲ್ಲ ಬಿಟ್ಟು ಹೊರಡಬೇಕು.

ಸೌಲಭ್ಯದ ಪುಟವನ್ನು ಅವಳೇ ತಂದಿದ್ದಳು. ಕೇಳಿದ್ದನ್ನು ತಾನೇ ಬರೆದುಕೊಡುವ ಈಗಿನ ಎ.ಐ. ಯಂತ್ರಕ್ಕೆ ನಮ್ಮ ಹಳೆಯ ಪುಟ ತೋರಿಸಿ, ಚೆನ್ನಾಗಿ ಬರೆದುಕೊಡು ಎಂದಿದ್ದಳಂತೆ. ಅದು ಬರೆದುಕೊಟ್ಟಿತ್ತು. ಅತ್ಯಾಧುನಿಕ, ವಿಶ್ವದರ್ಜೆ, ಸುಸಜ್ಜಿತ. ಗೌಡ್ರ ಆತ್ಮಕ್ಕೆ ಶಾಂತಿ ಸಿಗಲಿ, ಅವರಿಗಿಂತ ಚೆನ್ನಾಗಿ ಸುಳ್ಳು ಹೇಳಿತ್ತು. ಓದುತ್ತಾ ಓದುತ್ತಾ ನನಗೆ ‘ಹನ್ನೆರಡು ಗಣಕಗಳು’ ಎಂಬ ನನ್ನದೇ ಸಾಲು ಕಂಡಿತು.

“ಹುಲಿಗೆಮ್ಮ, ನಿನ್ನ ಲೆಕ್ಕಕ್ಕ ಎಷ್ಟು ಮಿಷನ್ ಬೇಕು?” ಎಂದು ಕೇಳಿದೆ.

“ಒಂದು ಸಾಕ್ರಿ ಮೇಡಂ. ಆ ಹೊಸ ಸರ್ವರ್ ಐತಲ್ಲ, ಅದೊಂದು ಸಿಕ್ರ ಸಾಕು. ಆದ್ರ ಒಂದೇ ಅಂತ ಬರದ್ರ ನಗೋದಿಲ್ಲೇನ್ರಿ?”

ಅವಳ ಕೈ ಹಿಡಿದು ಹಿಂದಿನ ಕೋಣೆಗೆ ಕರೆದೊಯ್ದು ಒಂದೊಂದು ಯಂತ್ರದ ಬೆನ್ನಿನ ಮೇಲೂ ಕೈ ಇಡಿಸಿದೆ. ಎಲ್ಲ ತಣ್ಣಗೆ. ಆಮೇಲೆ ಸರ್ವರ್ ಕೋಣೆಗೆ ಕರೆತಂದೆ. ಅದೊಂದು ಬೆಚ್ಚಗಿತ್ತು.

ಪುಟ ಹೊಸದಾಗಿ ಬರೆದೆ. ಮೊದಲ ಸಾಲು: ‘ನಮ್ಮಲ್ಲಿ ಕೆಲಸ ಮಾಡುವ ಯಂತ್ರ ಒಂದು ಇದೆ.’ ಕುಲಸಚಿವರ ಕಚೇರಿಯ ಅಧೀಕ್ಷಕರು ಸಹಿಗೆ ಕಳಿಸಲಿಲ್ಲ. “ರಿಜಿಸ್ಟರ್‌ನಾಗ ನಲವತ್ತೊಂದು ಐತಿ, ನೀವು ಒಂದು ಅಂತೀರಿ. ಉಳಿದ ನಲವತ್ತು ಎಲ್ಲಿ ಅಂತ ನಾಳೆ ಕೇಳಿದ್ರ ನಾನೇನ್ ಹೇಳ್ಲಿ?” ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಹಾಗಾದರೆ ಸಮಿತಿ ಕೂರಿಸಿ ಎಂದೆ. ಅವರು ನಕ್ಕರು. ನಾನು ನಗಲಿಲ್ಲ. ಹದಿನೈದು ದಿನ ಅವರ ಮೇಜಿನ ಮುಂದೆಯೇ ಬುತ್ತಿ ಬಿಚ್ಚಿ ಊಟ ಮಾಡಿದೆ. ನನ್ನ ಕಾಟ ತಾಳಲಾರದೆ ಸಮಿತಿ ಕೂರಿಸಿದರು. ಅಷ್ಟು ವರ್ಷ ಕೂರದ ಸಮಿತಿ ನಲವತ್ತು ನಿಮಿಷದಲ್ಲಿ ಎದ್ದಿತು.

ಗುಜರಿಗೆ ಹೊರಿಸುವ ದಿನ ಖಾದರ್ ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದ. ಗುಜರಿಗೆ ಹೋಗೋದಕ್ಕೆ ಯಾಕೆ ಒರೆಸುತ್ತೀ ಎಂದೆ. “ಮನಿಯಿಂದ ಹೊರಡಾಕ ಹತ್ಯಾವಲ್ರಿ” ಅಂದ. ಆ ಹನ್ನೆರಡರಲ್ಲಿ ಒಂದಕ್ಕೆ ಬಂದಾಗ ನನ್ನನ್ನು ಕರೆದ. ಧೂಳಿನಡಿಯಲ್ಲಿ ಕಂದುಗಟ್ಟಿದ ಎರಡು ಚುಕ್ಕೆ, ಪಕ್ಕಪಕ್ಕ. ಆ ಯಂತ್ರದ ಮೇಲೆ ನಾನು ಮೊದಲ ಸಲ ಕನ್ನಡ ಅಕ್ಷರ ಮೂಡಿಸಿ ಕುಣಿದಿದ್ದೆ. ಅದರ ಮುಂದೆ ಕೂತು ಮಗಳ ಹೆಸರು ಆರಿಸಿದ್ದೆ. ಖಾದರ್ ಬಟ್ಟೆಯನ್ನು ನನ್ನ ಕೈಗೆ ಕೊಟ್ಟ. ನಾನೇ ಒರೆಸಿದೆ.

ಪುಟ ಕಳಿಸುವ ಮೊದಲು ಯಾರಿಗಾದರೂ ತೋರಿಸಬೇಕೆನಿಸಿತು. ಯಾರಿಗೆ ಎಂದು ಬಹಳ ಯೋಚಿಸಬೇಕಾಗಲಿಲ್ಲ. ಭಾನುವಾರ ಸಂಡೂರಿನ ಬಸ್ಸು ಹತ್ತಿದೆ. ವೇಬ್ರಿಡ್ಜಿನ ಚಿಕ್ಕ ಕೋಣೆಯಲ್ಲಿ ನಾಗರಾಜ ಕೂತಿದ್ದ. ಹೊರಗೆ ಲಾರಿಗಳ ಸಾಲು.

“ಒಂದು ಸಲ ಓದಿ ಹೇಳಪ್ಪ.”

ಅವನು ಕನ್ನಡಕ ಹಾಕಿಕೊಂಡ. ಕಿವಿಯ ಸಂದಿನಿಂದ ಪೆನ್ನು ತೆಗೆದು ಸಾಲಿನಡಿ ಮೆಲ್ಲಗೆ ಓಡಿಸುತ್ತಾ ಓದಿದ. ಬಾವಿಯ ಅಂಕಿಗಳನ್ನು ಹೀಗೆಯೇ ಓದುತ್ತಿದ್ದ. ಮೊದಲ ಸಾಲಿನಲ್ಲಿ ನಿಂತು ನನ್ನ ಮುಖ ನೋಡಿದ, ಮುಂದೆ ಹೋದ. ಕೊನೆಯ ಸಾಲಿಗೆ ಬಂದು ನಕ್ಕುಬಿಟ್ಟ.

“ಮೇಡಂ, ‘ನಿರಂತರ ವಿದ್ಯುತ್’ ಅಂತ ಬರ್ದೀರಲ್ರಿ!”

ಬಗ್ಗಿ ನೋಡಿದೆ. ಇತ್ತು. ಇಡೀ ಪುಟವನ್ನು ತಿಕ್ಕಿ ತಿಕ್ಕಿ ತೊಳೆದಿದ್ದೆ, ಆ ಸಾಲು ಮಾತ್ರ ನನಗೆ ಗೊತ್ತಿಲ್ಲದೆಯೇ ಕೈಯಿಂದ ಇಳಿದಿತ್ತು. ನಾಚಿಕೆಯಿಂದ ಸತ್ತೇ ಹೋದೆ.

“ದಿನಕ್ಕ ಎಷ್ಟು ಸಲ ಹೋಗ್ತೈತಿ ಅಂತ ನನ್ನ ಕೇಳ್ರಿ. ತೂಕದ ಕಾಟಾ ನಿಂತ್ರ ಲಾರಿನೋರು ನನ್ನೇ ಬೈತಾರ” ಎನ್ನುತ್ತಾ ಆ ಸಾಲಿನ ಮೇಲೆ ಗೆರೆ ಎಳೆದ. “ಇದೊಂದು ತೆಗೀರಿ. ಉಳಿದದ್ದು ಭಾಳ ಚಲೋ ಐತಿ.”

ಆಗ ಹೇಳಿದೆ, ಅಷ್ಟು ವರ್ಷ ಹೇಳದಿದ್ದುದನ್ನು. “ನಾಗರಾಜ, ಆವತ್ತಿನ ಪುಟ ನಾನೇ ಬರ್ದಿದ್ದು. ತಪ್ಪು ನಂದು.”

ಅವನು ಕನ್ನಡಕ ತೆಗೆದು ಒರೆಸಿದ. “ಗೊತ್ರಿ ಮೇಡಂ” ಅಂದ. ಅಷ್ಟೇ ಅಂದ. ಆಮೇಲೆ ಚಹಾ ತರಿಸಿದ.

ಮರುದಿನ ಖಾದರನ ಚಪ್ಪಲಿ ಕಪಾಟಿನಿಂದ ನೋಟ್‌ಬುಕ್ಕುಗಳನ್ನು ಇಳಿಸಿ ಹುಲಿಗೆಮ್ಮನ ಮುಂದೆ ಹಾಕಿದೆ. ಯಾವ ತಿಂಗಳು, ಯಾವ ಹೊತ್ತು, ಎಷ್ಟು ಸಲ ಕರೆಂಟು ಹೋಗಿದೆ, ಎಲ್ಲ ಅದರಲ್ಲಿತ್ತು. ಅವಳು ಎರಡು ದಿನ ಅದರಲ್ಲೇ ಮುಖ ಹುದುಗಿಸಿ ಕೂತಳು. ಲೆಕ್ಕ ಅರ್ಧ ಗಂಟೆಗೊಮ್ಮೆ ತನ್ನನ್ನು ತಾನೇ ಬರೆದಿಟ್ಟುಕೊಳ್ಳಬೇಕು, ಕರೆಂಟು ಹೋದರೆ ಬಂದಾಗ ಅಲ್ಲಿಂದಲೇ ಶುರುವಾಗಬೇಕು ಎಂದು ಉಪಾಯ ಮಾಡಿದಳು. ನಾನು ಅದನ್ನು ಪುಟಕ್ಕೆ ಇಳಿಸಿದೆ. ‘ನಿರಂತರ’ ಇದ್ದ ಜಾಗದಲ್ಲಿ ಖಾದರನ ಅಂಕಿಗಳು ಕೂತವು. ಪುಟ ಮುಕ್ಕಾಲು ಆಯಿತು. ನಾನು ಬರೆದ ಪುಟಗಳಲ್ಲಿ ಅದೇ ಚಿಕ್ಕದು.

ಸಮಿತಿ ಈಗ ಊರಿಗೆ ಬರುವುದಿಲ್ಲ, ಪರದೆಯ ಮೇಲೆ ಬರುತ್ತದೆ. ಹುಲಿಗೆಮ್ಮ ಕೂತು ಉತ್ತರ ಹೇಳುತ್ತಿದ್ದಳು. ನಾನು, ಖಾದರ್ ಪಕ್ಕದ ಕೋಣೆಯಲ್ಲಿ ಬಾಗಿಲಿಗೆ ಕಿವಿ ಕೊಟ್ಟಿದ್ದೆವು. ಧೂಳಿನ ಬಗ್ಗೆ ಕೇಳಿದರು, ಗಾಳಿಯ ಬಗ್ಗೆ ಕೇಳಿದರು. ಕೊನೆಗೆ ಒಬ್ಬರು ನಮ್ಮ ಪುಟ ಎತ್ತಿದರು. ಈ ವರ್ಷ ಬಂದ ಪ್ರಸ್ತಾವನೆಗಳನ್ನೆಲ್ಲ ಓದಿದೆ, ದೇಶದಲ್ಲಿ ನಿಮ್ಮ ಊರಿನಲ್ಲಿ ಮಾತ್ರ ಕರೆಂಟು ಹೋಗುತ್ತದೆಯೇನಮ್ಮ ಎಂದರು. ಪರದೆಯ ಆಚೆ ಎಲ್ಲರೂ ನಕ್ಕರು. ಆ ನಗು ಒಳ್ಳೆಯದೋ ಕೆಟ್ಟದ್ದೋ ನಮಗೆ ತಿಳಿಯಲಿಲ್ಲ. ಖಾದರ್ ನನ್ನ ಮುಖ ನೋಡಿದ. ಹುಲಿಗೆಮ್ಮ ತಡವರಿಸದೆ, ಹೋಗುತ್ತದೆ ಸರ್, ಅದಕ್ಕೇ ನಮ್ಮ ಲೆಕ್ಕ ನಿಲ್ಲದ ಹಾಗೆ ಮಾಡಿಕೊಂಡಿದ್ದೇವೆ ಎಂದು ಅರ್ಧ ಗಂಟೆಯ ಉಪಾಯ ವಿವರಿಸಿದಳು.

ನಾನು ಮೇ ತಿಂಗಳ ಕೊನೆಗೆ ನಿವೃತ್ತಳಾದೆ. ಜೂನ್ ಎರಡನೆಯ ವಾರ ಹುಲಿಗೆಮ್ಮನ ಫೋನು ಬಂತು. ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. ಹಿಂದಿನಿಂದ ಅವಳ ತಾಯಿ, “ಮೊದಲು ಮಾತಾಡಲೇ, ಆಮ್ಯಾಲೆ ಅಳುವಂತಿ” ಎನ್ನುವುದು ಕೇಳಿಸಿತು. ಮಂಜೂರಾಗಿತ್ತು.

ಮರುದಿನ ಮತ್ತೆ ಸಂಡೂರಿನ ಬಸ್ಸು ಹತ್ತಿದೆ. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಮೊದಲ ಮಳೆ ಬಿದ್ದು ಗುಡ್ಡ ಹಸಿರಾಗತೊಡಗಿತ್ತು, ರಸ್ತೆಯ ಪಕ್ಕ ಕೆಂಪು ನೀರು ಹರಿಯುತ್ತಿತ್ತು. ಆ ನೀರು ನೆಲದೊಳಗೆ ಯಾವ ದಾರಿ ಹಿಡಿಯುತ್ತದೆ ಎಂದು ಇವತ್ತಿಗೂ ಯಾರೂ ಲೆಕ್ಕ ಹಾಕಿಲ್ಲ.

ವೇಬ್ರಿಡ್ಜಿನ ಬಾಗಿಲಲ್ಲಿ ನನ್ನನ್ನು ಕಂಡದ್ದೇ ನಾಗರಾಜ ಎದ್ದು ನಿಂತ. ಮುಖ ನೋಡಿಯೇ ತಿಳಿದಿರಬೇಕು.

“ಒಂದು ಸಾಕಾತೇನ್ರಿ ಮೇಡಂ?”

“ಸಾಕಾತಪ್ಪ” ಎಂದೆ.

ಅವನು ತಲೆಯಾಡಿಸಿದ. ಕಿಟಕಿಯಾಚೆ ಗುಡ್ಡದ ಕಡೆ ನೋಡಿದ. ಹೊರಗೆ ಲಾರಿ ಹಾರ್ನ್ ಹೊಡೆಯಿತು. ನನಗೆ ಕುರ್ಚಿ ಎಳೆದು ಕೂರಲು ಹೇಳಿ, ಲಾರಿಯನ್ನು ತೂಕಕ್ಕೆ ಬಿಟ್ಟ.